‘ಧ್ವನಿ’ ಎಂಬ ಪದದ ಕಥೆ

‘ಧ್ವನಿ’ ಎಂಬ ಪದವನ್ನು ನೀವು ಎಷ್ಟು ಅರ್ಥಗಳಲ್ಲಿ ಬಳಸುತ್ತೀರಿ ಎಂದು ಗಮನಿಸಿದ್ದೀರಾ? ವಿಜ್ಞಾನದ ತರಗತಿಯಲ್ಲಿ ಅದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುವ ತರಂಗ. ಕನ್ನಡದ ತರಗತಿಯಲ್ಲಿ ಅದು ಕವಿತೆ ಬಾಯಿಬಿಟ್ಟು ಹೇಳದೆ ಸೂಚಿಸುವ ಅರ್ಥ. ಪತ್ರಿಕೆಯಲ್ಲಿ ಅದು ಜನರ ಅಭಿಪ್ರಾಯ. ಒಂದೇ ಪದ ಇಷ್ಟು ದೂರ ಹೇಗೆ ಬಂತು?

ಪದದ ಮೂಲ ಸಂಸ್ಕೃತದ ‘ಧ್ವನ್’ ಧಾತು. ಸದ್ದುಮಾಡು ಎಂದು ಅದರ ಅರ್ಥ. ಕನ್ನಡದ ಬಾಯಿಗೆ ಬಂದಾಗ ಮಹಾಪ್ರಾಣವೂ ಒತ್ತಕ್ಷರವೂ ಕಳಚಿ ‘ದನಿ’ಯಾಯಿತು. ಹಾಗೆಂದು ನಮ್ಮಲ್ಲಿ ಇದಕ್ಕೆ ಸ್ವಂತ ಪದವಿರಲಿಲ್ಲ ಎಂದಲ್ಲ. ಹಳಗನ್ನಡದ ‘ಕೊರಲ್’ ಎಂದರೆ ಕಂಠವೂ ಹೌದು, ದನಿಯೂ ಹೌದು. ತಮಿಳಿನ ‘ಕುರಲ್’ ಇಂದಿಗೂ ದನಿಯೇ. ನಾವು ‘ಒಕ್ಕೊರಲಿನಿಂದ’ ಎನ್ನುವಾಗ ಆ ಹಳೆಯ ಅರ್ಥ ಈಗಲೂ ಕೇಳಿಸುತ್ತದೆ.

ದನಿ ಹುಟ್ಟುವುದು ಹೇಗೆ ಎಂಬುದನ್ನು 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ್ದಾನೆ. ಜೀವದ ಇಚ್ಛೆಯಂತೆ, ಗಾಳಿಯ ನೆರವಿನಿಂದ, ನಾಭಿಯ ಮೂಲದಲ್ಲಿ ಕಹಳೆಯ ಹಾಗೆ ಶಬ್ದ ಹುಟ್ಟುತ್ತದೆ ಎನ್ನುತ್ತಾನೆ ಅವನು. ಇಂದು ನಮಗೆ ತಿಳಿದಿರುವಂತೆ ಗಾಳಿ ಬರುವುದು ಶ್ವಾಸಕೋಶದಿಂದ; ಕಂಪಿಸುವುದು ಗಂಟಲಿನ ಧ್ವನಿತಂತುಗಳು. ಗಂಡಸರು ಮಾತನಾಡುವಾಗ ಅವು ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ ಅದುರುತ್ತವೆ. ಆದರೂ ಕಹಳೆಯ ಹೋಲಿಕೆ ಹುಸಿಯಲ್ಲ. ಉಸಿರು, ಅದುರುವ ಭಾಗ, ಸದ್ದಿಗೆ ರೂಪ ಕೊಡುವ ಕೊಳವೆ: ಮೂರೂ ಎರಡರಲ್ಲೂ ಇವೆ.

ಆದರೆ ಸದ್ದೇ ಮಾತಲ್ಲ. ಕ್ರಿಸ್ತಪೂರ್ವ 2ನೆಯ ಶತಮಾನದ ವ್ಯಾಕರಣಕಾರ ಪತಂಜಲಿ ಇದನ್ನು ಭೇರಿಯ ಉದಾಹರಣೆಯಿಂದ ತೋರಿಸಿದ. ಭೇರಿ ಬಾರಿಸಿದರೆ ಒಂದು ಸದ್ದು 20 ಹೆಜ್ಜೆ ಸಾಗುತ್ತದೆ, ಮತ್ತೊಂದು 30, ಇನ್ನೊಂದು 40. ಹೆಚ್ಚುಕಡಿಮೆಯಾಗುವುದು ಧ್ವನಿ ಮಾತ್ರ. ಅದರ ಮೂಲಕ ತಿಳಿಯುವ ಪದ ಬದಲಾಗುವುದಿಲ್ಲ. ನೀವು ಕೂಗಿ ಹೇಳಿದರೂ ಪಿಸುಗುಟ್ಟಿದರೂ ‘ನೀರು’ ನೀರೇ.

ವೈಯಾಕರಣರ ಈ ಪದವನ್ನು 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯಕ್ಕೆ ತಂದ. ಗಂಟೆ ಬಾರಿಸಿದ ಮೇಲೂ ಅದರ ಅನುರಣನ ಉಳಿಯುವಂತೆ, ಮಾತು ಮುಗಿದ ಮೇಲೂ ಉಳಿದು ಹೊಳೆಯುವ ಅರ್ಥವುಂಟು. ಕಾವ್ಯದ ಆತ್ಮವೇ ಈ ಧ್ವನಿ ಎಂದ. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ವೂ ಧ್ವನಿಯನ್ನು ಹೆಸರಿಸುತ್ತದೆ, ಆದರೆ ಒಂದು ಅಲಂಕಾರವಾಗಿ. 11ನೆಯ ಶತಮಾನದ ಮಮ್ಮಟನ ಉದಾಹರಣೆ ಬಹಳ ಸರಳ. ‘ಸೂರ್ಯ ಮುಳುಗಿದ’ ಎಂದು ಯಾರೋ ಹೇಳುತ್ತಾರೆ. ದನ ಕಾಯುವವನಿಗೆ ಅದು ‘ಹಸುಗಳನ್ನು ಮನೆಗೆ ಹೊಡಿ’ ಎಂದು ಕೇಳಿಸುತ್ತದೆ. ವ್ಯಾಪಾರಿಗೆ ‘ಸರಕು ಎತ್ತಿಡು’ ಎಂದು, ಕೂಲಿಯವನಿಗೆ ‘ಕೆಲಸ ಸಾಕು’ ಎಂದು. ವಾಕ್ಯ ಒಂದೇ, ಕೇಳುವವರು ಬೇರೆ. ಧ್ವನಿಯ ಅರ್ಧ ಭಾಗ ಕೇಳುವವರಲ್ಲಿದೆ ಎಂಬುದು ಇಲ್ಲಿ ಸ್ಪಷ್ಟವಾಯಿತು.

ಇನ್ನು ನಮ್ಮ ಕಾಲ. ಮೈಕು ಬಂತು, ‘ಧ್ವನಿವರ್ಧಕ’ವಾಯಿತು. ಪ್ರಜಾಪ್ರಭುತ್ವ ಬಂತು, ‘ದನಿ ಎತ್ತು’, ‘ದನಿಗೂಡಿಸು’ ಎಂಬ ಮಾತುಗಳಿಗೆ ಹಕ್ಕಿನ ಅರ್ಥ ಸೇರಿತು. ಶಾಸನಸಭೆಯಲ್ಲಿ ‘ಧ್ವನಿಮತ’ ಎಂಬ ಕ್ರಮವಿದೆ. ಒಪ್ಪುವವರು ‘ಹೌದು’, ಒಪ್ಪದವರು ‘ಇಲ್ಲ’ ಎನ್ನುತ್ತಾರೆ. ಯಾವ ಕಡೆ ಬಹುಮತವಿದೆ ಎಂಬುದನ್ನು ಸಭಾಧ್ಯಕ್ಷರು ಕೇಳಿಯೇ ತೀರ್ಮಾನಿಸುತ್ತಾರೆ. ಯಾರು ಯಾವ ಕಡೆ ಎಂಬುದು ದಾಖಲಾಗುವುದಿಲ್ಲ. ಆದ್ದರಿಂದಲೇ ಆ ತೀರ್ಮಾನವನ್ನು ಪ್ರಶ್ನಿಸಿ, ಮತಗಳನ್ನು ಎಣಿಸಿರೆಂದು ಕೇಳಲು ಸದಸ್ಯರಿಗೆ ಅವಕಾಶವಿದೆ. ಜೋರು ದನಿಯೇ ಹೆಚ್ಚು ಜನರ ದನಿಯಾಗಬೇಕಿಲ್ಲವಲ್ಲ!

ಪತಂಜಲಿಯ ಭೇರಿಯ ಪಾಠವೂ ಇದೇ ಅಲ್ಲವೇ? ಸದ್ದಿನ ಅಳತೆ ಬೇರೆ, ಮಾತಿನ ತೂಕ ಬೇರೆ. ನಿಮ್ಮ ತರಗತಿಯಲ್ಲೂ ಮೆಲುದನಿಯ ಗೆಳೆಯರಿರುತ್ತಾರೆ. ಮುಂದಿನ ಚರ್ಚಾಕೂಟದಲ್ಲಿ ತೀರ್ಮಾನಕ್ಕೆ ಬರುವ ಮೊದಲು ಅವರನ್ನೂ ಒಮ್ಮೆ ಕೇಳಿ ನೋಡಿ.