ಧರ್ಮಬೋಧಕರ ವೇತನ: ಕಡಲಾಚೆಯ ಒಂದು ಇತಿಹಾಸ, ನಮಗೊಂದು ಪಾಠ

ಜುಮಾ ನಮಾಝ್ ಮುಗಿದ ಬಳಿಕ ಮಸೀದಿಯ ಬಾಗಿಲಲ್ಲಿ ಚಂದಾ ಸಂಗ್ರಹವಾಗುವ ದೃಶ್ಯ ನಮ್ಮೆಲ್ಲರಿಗೂ ಪರಿಚಿತವಾದುದು. ಬನ್ನೂರು, ತಿ. ನರಸೀಪುರ, ನಂಜನಗೂಡಿನಂತಹ ಊರುಗಳಲ್ಲಿ ಇಮಾಮ್ ಸಾಹೇಬರ ಸಂಬಳ, ಮುಅಝ್ಝಿನರ ಸಂಬಳ, ಮಕ್ಕಳಿಗೆ ಕುರ್‌ಆನ್ ಕಲಿಸುವ ಉಸ್ತಾದರ ಸಂಬಳ ಎಲ್ಲವೂ ಬಹುಮಟ್ಟಿಗೆ ಇಂತಹ ಹತ್ತು ಇಪ್ಪತ್ತು ರೂಪಾಯಿಗಳಿಂದಲೇ ನಡೆಯುತ್ತವೆ. ಧರ್ಮವನ್ನು ಕಲಿಸುವವರ ಹೊಟ್ಟೆಪಾಡಿಗೆ ಹೊಣೆ ಯಾರು? ಆ ಹಣ ಎಲ್ಲಿಂದ ಬರಬೇಕು? ಕೊಟ್ಟವರಿಗೆ ಕಲಿಸುವವರ ಮೇಲೆ ಎಷ್ಟು ಹಕ್ಕಿದೆ? ಈ ಪ್ರಶ್ನೆಗಳು ನಮ್ಮ ಜಮಾತ್ ಸಭೆಗಳಲ್ಲಿ ಆಗಾಗ ಏಳುತ್ತವೆ. ಉತ್ತರ ದೊರೆಯದೆ ಮುಂದಿನ ಸಭೆಗೆ ಮುಂದೂಡಲ್ಪಡುತ್ತವೆ.

ಇದೇ ಪ್ರಶ್ನೆಗಳನ್ನು ಇಂಗ್ಲೆಂಡಿನ ಕ್ರೈಸ್ತರು ಮುನ್ನೂರು ವರ್ಷಗಳ ಹಿಂದೆ ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸಿದರು. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ, ಅಂದರೆ ಆಂಗ್ಲಿಕನ್ ಚರ್ಚಿಗೆ ಸೇರಿದ ಸಂಘಗಳು ಕಡಲಾಚೆಯ ವಸಾಹತುಗಳಲ್ಲಿದ್ದ ಪಾದ್ರಿಗಳಿಗೂ ಉಪಾಧ್ಯಾಯರಿಗೂ ವೇತನ ಕಳುಹಿಸುವ ವ್ಯವಸ್ಥೆಯನ್ನು ಕಟ್ಟಿದವು. ಆ ಚರಿತ್ರೆಯಲ್ಲಿ ನಾವು ಮೆಚ್ಚಬೇಕಾದುದೂ ಇದೆ, ಬೆಚ್ಚಿಬೀಳಬೇಕಾದುದೂ ಇದೆ. ಯಾವುದೇ ಜನಾಂಗದ ಮೇಲಿನ ಮುನಿಸು ನಮ್ಮನ್ನು ನ್ಯಾಯದಿಂದ ದೂರ ಒಯ್ಯಬಾರದೆಂಬುದು ನಮಗೆ ಕುರ್‌ಆನ್ ಕಲಿಸಿದ ಶಿಸ್ತು. ಆ ಶಿಸ್ತಿನಿಂದಲೇ ಈ ಚರಿತ್ರೆಯನ್ನು ಓದೋಣ.

ಸಂಘಗಳು ಹುಟ್ಟಿದ ಬಗೆ

ಬ್ರಿಟಿಷರ ವಸಾಹತುಗಳೆಲ್ಲವೂ ಒಂದೇ ತೆರನಾಗಿರಲಿಲ್ಲ. ಭಾರತದಂತಹ ನಾಡುಗಳಿಗೆ ಅವರು ವ್ಯಾಪಾರಕ್ಕೂ ಆಡಳಿತಕ್ಕೂ ಬಂದರು. ಅಮೆರಿಕ, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗಾದರೋ ಹೆಂಡಿರು ಮಕ್ಕಳೊಡನೆ ಹೋಗಿ ಅಲ್ಲಿಯೇ ಶಾಶ್ವತವಾಗಿ ನೆಲೆಸಿದರು. ಹೀಗೆ ನೆಲೆಸಿದವರಿಗೆ ಕಾಡನ್ನು ಕಡಿದು ಹೊಲ ಮಾಡುವುದು ತಿಳಿದಿತ್ತು. ಆದರೆ ಮಗುವಿಗೆ ಅಕ್ಷರ ಕಲಿಸುವವರು, ಮದುವೆ ಮಾಡಿಸುವವರು, ಸತ್ತವರನ್ನು ವಿಧಿಪೂರ್ವಕ ಮಣ್ಣು ಮಾಡುವವರು ಅಲ್ಲಿರಲಿಲ್ಲ.

ಈ ಕೊರತೆಯನ್ನು ಕಂಡ ಥಾಮಸ್ ಬ್ರೇ ಎಂಬ ಪಾದ್ರಿಯ ಪ್ರಯತ್ನದಿಂದ 1701ರಲ್ಲಿ, ದೊರೆ ಮೂರನೆಯ ವಿಲಿಯಂನ ಸನ್ನದಿನೊಂದಿಗೆ, ಸುವಾರ್ತಾ ಪ್ರಸಾರ ಸಂಘವು ಸ್ಥಾಪನೆಯಾಯಿತು. ಅದು ಅಮೆರಿಕದ ವಸಾಹತುಗಳಿಗೆ ಪಾದ್ರಿಗಳನ್ನೂ ಶಾಲಾ ಉಪಾಧ್ಯಾಯರನ್ನೂ ಪುಸ್ತಕಗಳನ್ನೂ ಕಳುಹಿಸಿತು. ಮುಂದೆ ಮೆಥಡಿಸ್ಟ್ ಪಂಥಕ್ಕೆ ಮೂಲಪುರುಷನಾದ ಜಾನ್ ವೆಸ್ಲಿ 1735ರಲ್ಲಿ ಜಾರ್ಜಿಯ ವಸಾಹತಿಗೆ ಹೋದಾಗ, ವರ್ಷಕ್ಕೆ 50 ಪೌಂಡ್ ವೇತನದ ಮೇಲೆ ಅವನ ಹೆಸರೂ ಇದೇ ಸಂಘದ ಪಟ್ಟಿಯಲ್ಲಿತ್ತು.

ಎರಡನೆಯದಾದ ಚರ್ಚ್ ಮಿಷನರಿ ಸೊಸೈಟಿ ಲಂಡನ್ನಿನಲ್ಲಿ ಹುಟ್ಟಿದ್ದು 1799ರ ಏಪ್ರಿಲ್ 12ರಂದು. ಆ ದಿನಾಂಕವನ್ನು ನಮ್ಮ ಸೀಮೆಯವರು ಓದಿ ಸುಮ್ಮನೆ ಮುಂದೆ ಹೋಗುವಂತಿಲ್ಲ. ಅದಾಗಿ ಒಂದು ತಿಂಗಳು ತುಂಬುವ ಮೊದಲೇ, ಮೇ 4ರಂದು, ನಮ್ಮ ನೆರೆಯ ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನರು ಹುತಾತ್ಮರಾದರು. ಒಂದು ಘಟನೆಗೂ ಇನ್ನೊಂದಕ್ಕೂ ನೇರ ಸಂಬಂಧವಿರಲಿಲ್ಲ. ಆದರೂ ಒಂದು ಸಾಮ್ರಾಜ್ಯದ ಖಡ್ಗವೂ ಅದರ ಪುಸ್ತಕವೂ ಒಂದೇ ಕಾಲದಲ್ಲಿ ಹೇಗೆ ಚಲಿಸುತ್ತವೆಂಬುದಕ್ಕೆ ಆ ವರ್ಷವೇ ಸಾಕ್ಷಿ.

ಮೂರನೆಯ ಸಂಘದ ಕಥೆ ಇನ್ನೂ ಸ್ವಾರಸ್ಯಕರವಾದುದು. ಸ್ಯಾಮ್ಯುಯೆಲ್ ಕಾಡ್ನರ್ ಎಂಬಾತ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನು ವ್ಯಾಪಾರಿ. 1820ರಲ್ಲಿ ಕಡಲ ಬಿರುಗಾಳಿಯಿಂದ ಪಾರಾದ ಆತ, ತನ್ನ ಸಂಪತ್ತಿಗೆ ಕಾರಣವಾದ ಆ ದ್ವೀಪದ ಬಡ ಮಕ್ಕಳಿಗೆ ಏನಾದರೂ ಮಾಡುವೆನೆಂದು ಹರಕೆ ಹೊತ್ತ. ಆ ಹರಕೆಯ ಫಲವಾಗಿ 1823ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಶಾಲಾ ಸಂಘವು ಹುಟ್ಟಿತು. ಮರುವರ್ಷವೇ ಅದರ ಮೊದಲ ಶಾಲೆ ತೆರೆಯಿತು. 1851ರಲ್ಲಿ ಅದು ಇನ್ನೊಂದು ಸಂಘದೊಡನೆ ಕೂಡಿ ವಸಾಹತು ಚರ್ಚ್ ಮತ್ತು ಶಾಲಾ ಸಂಘವಾಯಿತು. ಪಾದ್ರಿ ಮತ್ತು ಉಪಾಧ್ಯಾಯ, ಈ ಎರಡು ಹೊಣೆಗಳನ್ನೂ ಅದು ತನ್ನ ಹೆಸರಿನಲ್ಲಿಯೇ ಹೊತ್ತುಕೊಂಡಿತು.

ನಮ್ಮ ಜಗಲಿಯಿಂದ ಹೋದ ಪಾಠಕ್ರಮ

ಆ ಹಿಮದ ದ್ವೀಪದ ಶಾಲೆಗಳಲ್ಲಿ ಪಾಠ ನಡೆದ ಕ್ರಮಕ್ಕೆ 'ಮದ್ರಾಸ್ ಪದ್ಧತಿ' ಎಂದು ಹೆಸರು! ಆಂಡ್ರ್ಯೂ ಬೆಲ್ ಎಂಬ ಆಂಗ್ಲಿಕನ್ ಪಾದ್ರಿ 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾದ. ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಆತ ಕಂಡ. ಅದನ್ನು ತನ್ನ ಶಾಲೆಯಲ್ಲಿ ಅಳವಡಿಸಿಕೊಂಡು, ಕಲಿತ ಹುಡುಗರಿಂದಲೇ ಕಲಿಯದವರಿಗೆ ಪಾಠ ಹೇಳಿಸುವ ಏರ್ಪಾಟು ಮಾಡಿದ. 1797ರಲ್ಲಿ ಇದನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಒಬ್ಬ ಉಪಾಧ್ಯಾಯನ ಸಂಬಳದಲ್ಲಿ ನೂರಾರು ಮಕ್ಕಳಿಗೆ ಪಾಠವಾಗುವ ಈ ಕ್ರಮ ಬಡ ಸಂಘಗಳಿಗೆ ವರವಾಯಿತು. ಹೀಗೆ ದಕ್ಷಿಣ ಭಾರತದ ಜಗಲಿ ಶಾಲೆಯ ಮರಳು ಅಟ್ಲಾಂಟಿಕ್ ಸಾಗರದ ಆಚೆಯ ಮೀನುಗಾರರ ಮಕ್ಕಳ ತನಕ ತಲುಪಿತು.

ಓದು ಮುಂದಿರುವ ಹುಡುಗ ಚಿಕ್ಕವರಿಗೆ ಅಲಿಫ್, ಬೇ ಹೇಳಿಕೊಡುವುದು ನಮ್ಮ ಮದ್ರಸಾಗಳಲ್ಲಿಯೂ ಹಳೆಯ ರೂಢಿ. ಅದನ್ನು ಹಿಂದುಳಿದ ಕ್ರಮವೆಂದು ನಾಚುವವರು ಈ ಸಂಗತಿಯನ್ನು ನೆನಪಿಡಬೇಕು.

ಹಣದ ಮೂಲ

ಈ ಸಂಘಗಳ ಬೊಕ್ಕಸದ ಒಂದು ಭಾಗ ಸಾಮಾನ್ಯ ಜನರ ಚಿಕ್ಕ ಕಾಣಿಕೆಗಳಿಂದ ತುಂಬುತ್ತಿತ್ತು. ಬಂದುದೆಷ್ಟು, ಖರ್ಚಾದುದೆಷ್ಟು, ಯಾವ ಊರಿನ ಉಪಾಧ್ಯಾಯನಿಗೆ ಎಷ್ಟು ಎಂಬುದನ್ನು ವಾರ್ಷಿಕ ವರದಿಗಳಲ್ಲಿ ಅಚ್ಚು ಹಾಕಿ ದಾನಿಗಳಿಗೆ ಕಳುಹಿಸುತ್ತಿದ್ದರು. ಈ ಲೆಕ್ಕಾಚಾರದ ಶಿಸ್ತನ್ನು ಮೆಚ್ಚದಿರುವುದು ಅನ್ಯಾಯವಾದೀತು.

ಆದರೆ ಎಲ್ಲ ಹಣವೂ ಹೀಗೆ ಬರಲಿಲ್ಲ. 1710ರಲ್ಲಿ ತೀರಿಕೊಂಡ ಕ್ರಿಸ್ಟೋಫರ್ ಕಾಡ್ರಿಂಗ್ಟನ್ ಎಂಬ ಧನಿಕ, ಬಾರ್ಬಡೋಸ್ ದ್ವೀಪದಲ್ಲಿದ್ದ ತನ್ನ ಕಬ್ಬಿನ ತೋಟಗಳನ್ನು ಅಲ್ಲಿದ್ದ ಗುಲಾಮರ ಸಮೇತ ಸುವಾರ್ತಾ ಪ್ರಸಾರ ಸಂಘಕ್ಕೆ ಉಯಿಲು ಬರೆದಿದ್ದ. ಧರ್ಮಪ್ರಸಾರಕ್ಕೆಂದು ಹುಟ್ಟಿದ ಸಂಘವೇ ಮನುಷ್ಯರ ಒಡೆಯನಾಯಿತು. ಆ ತೋಟದ ಗುಲಾಮರ ಎದೆಯ ಮೇಲೆ 'ಸೊಸೈಟಿ' ಎಂಬ ಪದವನ್ನು ಕಾದ ಕಬ್ಬಿಣದಿಂದ ಸುಟ್ಟು ಮುದ್ರೆ ಒತ್ತಿದ್ದ ಕಾಲವೂ ಇತ್ತು. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದಾಗ 400ಕ್ಕೂ ಹೆಚ್ಚು ಗುಲಾಮರ ಲೆಕ್ಕದಲ್ಲಿ ಸಂಘಕ್ಕೆ 8,800 ಪೌಂಡಿಗೂ ಮಿಗಿಲಾದ ಪರಿಹಾರ ದೊರೆಯಿತು. ಪರಿಹಾರ ಸಿಕ್ಕಿದ್ದು ಒಡೆಯರಿಗೆ. ಬೆವರು ಸುರಿಸಿದವರಿಗೆ ಕಾಸೂ ಸಿಗಲಿಲ್ಲ.

ಇದನ್ನು ಓದಿ ಅನ್ಯರತ್ತ ಬೆರಳು ತೋರಿಸುವುದು ಸುಲಭ. ಮುಸ್ಲಿಮ್ ದೊರೆಗಳ ಆಳ್ವಿಕೆಯಲ್ಲಿಯೂ ಗುಲಾಮರ ಸಂತೆಗಳಿದ್ದವೆಂಬುದನ್ನು ನಾವು ಮರೆಯಬಾರದು. ಒಳ್ಳೆಯ ಕೆಲಸಕ್ಕೆ ಬಳಸಿದ ಮಾತ್ರಕ್ಕೆ ಕೆಟ್ಟ ಹಣ ಒಳ್ಳೆಯದಾಗುವುದಿಲ್ಲ ಎಂಬುದೇ ಇಲ್ಲಿನ ಪಾಠ. ಅದು ಎಲ್ಲರಿಗೂ ಅನ್ವಯಿಸುತ್ತದೆ.

ಇನ್ನೊಂದು ಮೂಲ ಭೂಮಿ. 1791ರ ಕಾಯಿದೆಯ ಪ್ರಕಾರ ಕೆನಡದಲ್ಲಿ ವಸಾಹತುಗಾರರಿಗೆ ಹಂಚುವ ಭೂಮಿಯ ಜೊತೆಗೆ ಅದರ ಏಳನೆಯ ಒಂದು ಭಾಗಕ್ಕೆ ಸಮನಾದ ಭೂಮಿಯನ್ನು ಪ್ರೊಟೆಸ್ಟೆಂಟ್ ಪಾದ್ರಿಗಳ ಪೋಷಣೆಗೆ ಮೀಸಲಿಡಲಾಯಿತು. 1826ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿಯೂ ಚರ್ಚಿಗೂ ಶಾಲೆಗಳಿಗೂ ಏಳನೆಯ ಒಂದು ಭಾಗ ಭೂಮಿಯೆಂಬ ಯೋಜನೆ ಬಂದಿತು. ನಮ್ಮ ವಕ್ಫ್ ಜಮೀನುಗಳಂತೆಯೇ ಇದು ಕಾಣುತ್ತದೆ. ವ್ಯತ್ಯಾಸವೊಂದಿದೆ: ವಕ್ಫ್ ಮಾಡುವವನು ಮೊದಲು ಆ ವಸ್ತುವಿನ ನ್ಯಾಯವಾದ ಒಡೆಯನಾಗಿರಬೇಕೆಂಬುದು ನಮ್ಮ ಫಿಕ್ಹ್‌ನ ನಿಯಮ. ಅಲ್ಲಿಯಾದರೋ ದಾನವಾಗಿ ಹೋದುದು ಮೂಲನಿವಾಸಿಗಳ ನೆಲ.

ಕನ್ನಡ ನಾಡಿನಲ್ಲಿ

ನಮ್ಮ ನಾಡು ನೆಲೆಸು ವಸಾಹತು ಆಗಲಿಲ್ಲ. ಆದರೂ ಆ ವ್ಯವಸ್ಥೆಯ ನೆರಳು ಇಲ್ಲಿಗೂ ಚಾಚಿತು. 1813ರ ಸನ್ನದು ಕಾಯಿದೆಯು ಕಲ್ಕತ್ತೆಗೆ ಒಬ್ಬ ಬಿಷಪ್ಪನನ್ನೂ ಮೂವರು ಆರ್ಚ್‌ಡೀಕನ್‌ರನ್ನೂ ಮಂಜೂರು ಮಾಡಿತು. ಬಿಷಪ್ಪನಿಗೆ ವರ್ಷಕ್ಕೆ 5,000 ಪೌಂಡ್, ಉಳಿದ ಮೂವರಿಗೆ ತಲಾ 2,000 ಪೌಂಡ್, ಒಟ್ಟು 11,000 ಪೌಂಡ್. ಅದೂ ಭಾರತದ ಕಂದಾಯದಿಂದ. ಅಂದಿನ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿ. ಅದೇ ಕಾಯಿದೆ ಭಾರತೀಯರ ಶಿಕ್ಷಣಕ್ಕೆಂದು ಎತ್ತಿಟ್ಟ ಮೊತ್ತವೂ ವರ್ಷಕ್ಕೆ ಒಂದು ಲಕ್ಷ ರೂಪಾಯಿಯೇ! ನಾಲ್ವರು ಧರ್ಮಾಧಿಕಾರಿಗಳ ವೇತನವೂ ಕೋಟ್ಯಂತರ ಜನರ ಅಕ್ಷರದ ಖರ್ಚೂ ತಕ್ಕಡಿಯಲ್ಲಿ ಸಮನಾಗಿ ತೂಗಿದವು. ಹಿಂದೂ ಮುಸ್ಲಿಮ್ ರೈತರು ತೆತ್ತ ಕಂದಾಯದಿಂದ, ಅವರು ಎಂದೂ ಕಾಲಿಡದ ಚರ್ಚುಗಳ ಪಾದ್ರಿಗಳಿಗೆ ಸಂಬಳ ಸಂದಿತು.

1809ರಲ್ಲಿ ಬ್ರಿಟಿಷ್ ಸೈನ್ಯದ ನೆಲೆ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ವರ್ಗವಾಯಿತು. ಅಲ್ಲಿ ಸೈನಿಕರ ಆರಾಧನೆಗಾಗಿ ಸಂತ ಮಾರ್ಕರ ಚರ್ಚ್ ಎದ್ದಿತು. 1857ರ ಸಂಗ್ರಾಮದ ನಂತರ ಕಲ್ಕತ್ತೆಯ ಬಿಷಪ್ ಜಾರ್ಜ್ ಕಾಟನ್, ಇಲ್ಲಿ ನೆಲೆಸಿದ ಐರೋಪ್ಯರ ಹಾಗೂ ಆಂಗ್ಲೋ-ಇಂಡಿಯನ್ನರ ಮಕ್ಕಳಿಗೆ ಶಾಲೆಗಳು ಬೇಕೆಂದು ಹಣ ಕೂಡಿಸಿದರು. ಅವರ ಹೆಸರಿನ ಶಾಲೆ ಸಿಮ್ಲಾದಲ್ಲಿ 1859ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಪೆಟಿಗ್ರೂ 1865ರಲ್ಲಿ ಅದೇ ಹೆಸರಿನ ಶಾಲೆಯನ್ನು ತೆರೆದರು. ಇಂದು ಅಲ್ಲಿ ಎಲ್ಲ ಧರ್ಮಗಳ ಮಕ್ಕಳೂ ಓದುತ್ತಾರೆ. ಒಂದು ಸಮುದಾಯ ತನ್ನ ಮಕ್ಕಳಿಗಾಗಿ ಕಟ್ಟಿದ ಶಾಲೆ ಕಾಲಾನಂತರ ಎಲ್ಲರ ಸ್ವತ್ತಾಗಬಲ್ಲದು.

ಮೈಸೂರಿನಲ್ಲಿ ಕೆಲಸ ಮಾಡಿದವರು ಹೆಚ್ಚಾಗಿ ಆಂಗ್ಲಿಕನ್ನರಲ್ಲ, ಅದೇ ಜಾನ್ ವೆಸ್ಲಿಯ ಅನುಯಾಯಿಗಳು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ಸ್ಥಾಪಿಸಿದ್ದರು. 1840ರಿಂದ 1868ರವರೆಗೆ ಅದರ ಆಡಳಿತವನ್ನು ವೆಸ್ಲಿಯನ್ ಮಿಷನ್ ನೋಡಿಕೊಂಡಿತು. ಮುಂದೆ ಅದೇ ಶಾಲೆ ಮಹಾರಾಜ ಕಾಲೇಜಾಗಿ ಬೆಳೆಯಿತು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರೂ ಮೆಥಡಿಸ್ಟರೂ ಇತರರೂ ಕೂಡಿ ದಕ್ಷಿಣ ಭಾರತ ಚರ್ಚ್ ಆದರು. ಲಂಡನ್ನಿನ ಮಂಡಳಿಗಳ ಕೈಯಲ್ಲಿದ್ದ ಆಡಳಿತ ಇಲ್ಲಿಯ ಜನರ ಕೈಗೆ ಬಂದಿತು.

ತಡವಾಗಿ ಬಂದ ಕ್ಷಮೆ

ಕೆನಡದ ಕಥೆಗೆ ಮತ್ತೊಮ್ಮೆ ಮರಳಬೇಕಾಗಿದೆ. ಅಲ್ಲಿ ಸರಕಾರದ ಹಣದಿಂದ ಆಂಗ್ಲಿಕನ್ ಚರ್ಚೂ ಇತರ ಚರ್ಚುಗಳೂ ನಡೆಸಿದ ವಸತಿ ಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ ಅಗಲಿಸಿ ಇಡಲಾಯಿತು. ಮನೆಮಾತಿನಲ್ಲಿ ಮಾತನಾಡಿದರೆ ಶಿಕ್ಷೆ. ಎಷ್ಟೋ ಮಕ್ಕಳು ಮನೆಗೆ ಮರಳಲೇ ಇಲ್ಲ. 1993ರ ಆಗಸ್ಟಿನಲ್ಲಿ ಕೆನಡದ ಆಂಗ್ಲಿಕನ್ ಚರ್ಚಿನ ಮುಖ್ಯಸ್ಥ ಮೈಕೆಲ್ ಪಿಯರ್ಸ್ ಇದಕ್ಕಾಗಿ ಮೂಲನಿವಾಸಿಗಳ ಮುಂದೆ ನಿಂತು ಕ್ಷಮೆ ಯಾಚಿಸಿದರು. ಗುಲಾಮಗಿರಿಯಲ್ಲಿ ತನ್ನ ಪಾಲಿಗಾಗಿ ಇಂಗ್ಲೆಂಡಿನ ಚರ್ಚ್ 2006ರಲ್ಲಿ ಕ್ಷಮೆ ಕೇಳಿತು. 2023ರಲ್ಲಿ ಸುವಾರ್ತಾ ಪ್ರಸಾರ ಸಂಘದ ಇಂದಿನ ರೂಪವಾದ ಸಂಸ್ಥೆಯು ಬಾರ್ಬಡೋಸಿನ ಆ ತೋಟದ ಜನರ ಏಳಿಗೆಗಾಗಿ 70 ಲಕ್ಷ ಪೌಂಡಿನ ಯೋಜನೆ ಘೋಷಿಸಿತು. ತಪ್ಪನ್ನು ಒಪ್ಪಿಕೊಳ್ಳುವುದೇ ತೌಬಾದ ಮೊದಲ ಮೆಟ್ಟಿಲೆಂದು ಬಲ್ಲ ನಾವು ಇದನ್ನು ಹಗುರವಾಗಿ ಕಾಣಬಾರದು.

ನಮ್ಮ ಹೊಣೆ

ಬದ್ರ್ ಯುದ್ಧದಲ್ಲಿ ಸೆರೆಸಿಕ್ಕ ಮಕ್ಕಾದವರಲ್ಲಿ ಬಿಡುಗಡೆಯ ಹಣ ಇಲ್ಲದ ಅಕ್ಷರಸ್ಥರು ಹತ್ತು ಹತ್ತು ಮಕ್ಕಳಿಗೆ ಓದು ಬರಹ ಕಲಿಸಿ ಬಿಡುಗಡೆ ಹೊಂದಿದರೆಂದು ಪ್ರವಾದಿ(ಸ)ರ ಚರಿತ್ರೆಯಲ್ಲಿ ಓದುತ್ತೇವೆ. ಸೆರೆಯಾಳು ಕಲಿಸಿದರೂ ಆ ಕಲಿಕೆಗೆ ಬಿಡುಗಡೆಯ ಬೆಲೆ ಸಂದಿತು. ಆದರೆ ನಮ್ಮ ಎಷ್ಟೋ ಊರುಗಳಲ್ಲಿ ಮಕ್ಕಳಿಗೆ ದೀನ್ ಕಲಿಸುವವರ ತಿಂಗಳ ಸಂಬಳ ಗಾರೆ ಕೆಲಸದವರ ಗಳಿಕೆಗಿಂತ ಕಡಿಮೆ. ಮಿನಾರಿಗೆ ಬಣ್ಣ ಬಳಿಯಲು ಲಕ್ಷಗಳು ಕೂಡುತ್ತವೆ. ಇಮಾಮ್ ಸಾಹೇಬರ ಹೆಂಡತಿ ಕಾಯಿಲೆ ಬಿದ್ದರೆ ಅವರು ಸಾಲಕ್ಕಾಗಿ ಮನೆಮನೆ ಅಲೆಯುತ್ತಾರೆ. ಇದು ಯಾರೋ ಒಬ್ಬರ ತಪ್ಪಲ್ಲ, ನಮ್ಮೆಲ್ಲರದು.

ಆದ್ದರಿಂದ ಈ ಚರಿತ್ರೆಯಿಂದ ಕೆಲವನ್ನು ಸ್ವೀಕರಿಸೋಣ, ಕೆಲವನ್ನು ತ್ಯಜಿಸೋಣ. ಚಿಕ್ಕ ಕಾಣಿಕೆಯನ್ನು ತಪ್ಪದೆ ಕೂಡಿಸುವ ಕ್ರಮವನ್ನೂ, ಒಂದೊಂದು ರೂಪಾಯಿಯ ಲೆಕ್ಕವನ್ನು ಬರೆದು ಎಲ್ಲರ ಮುಂದಿಡುವ ಪ್ರಾಮಾಣಿಕತೆಯನ್ನೂ ಸ್ವೀಕರಿಸೋಣ. ಮೂಲ ಕೇಳದೆ ಹಣ ಪಡೆಯುವುದನ್ನು ತ್ಯಜಿಸೋಣ. ಸಂಬಳ ಕೊಡುತ್ತೇವೆಂಬ ಕಾರಣಕ್ಕೆ ಇಮಾಮರ ನಾಲಿಗೆಯನ್ನೂ ಕೊಂಡೆವೆಂದು ಭಾವಿಸುವುದನ್ನು ತ್ಯಜಿಸೋಣ. ಖುತ್ಬಾದಲ್ಲಿ ಬಡ್ಡಿಯ ವಿಷಯವನ್ನೋ ವರದಕ್ಷಿಣೆಯ ವಿಷಯವನ್ನೋ ಎತ್ತಿದರೆಂದು ಅವರನ್ನು ಊರು ಬಿಡಿಸುವ ಜಮಾತಿಗೂ, ಪಾದ್ರಿಯನ್ನು ತನ್ನ ನೌಕರನೆಂದೆಣಿಸಿದ ಸಾಮ್ರಾಜ್ಯಕ್ಕೂ ಹೆಚ್ಚಿನ ಅಂತರವಿಲ್ಲ.

ನಮ್ಮ ಮಕ್ಕಳ ಮನೆಮಾತು ಉರ್ದುವಿರಲಿ, ಊರಿನ ಮಾತು ಕನ್ನಡವಿರಲಿ. ಎರಡನ್ನೂ ಗೌರವಿಸುವ ಪಾಠಶಾಲೆ ನಮ್ಮದಾಗಲಿ. ಅಲ್ಲಿ ಕಲಿಸುವವರಿಗೆ ತಿಂಗಳ ಮೊದಲ ದಿನವೇ, ಕೈಯೊಡ್ಡುವ ಅವಮಾನವಿಲ್ಲದೆ, ಹಲಾಲಾದ ದುಡಿಮೆಯ ವೇತನ ಸಲ್ಲಲಿ. ಮುಂದಿನ ಜುಮಾದಂದು ಮಸೀದಿಯ ಬಾಗಿಲಲ್ಲಿ ಜೇಬಿಗೆ ಕೈ ಹಾಕುವಾಗ ಇದು ನಮ್ಮ ನೆನಪಿನಲ್ಲಿರಲಿ. ಅಲ್ಲಾಹನು ನಮಗೆಲ್ಲರಿಗೂ ಅದಕ್ಕೆ ತೌಫೀಕ್ ನೀಡಲಿ, ಆಮೀನ್.