ಮೊದಲು ಕನ್ನಡ ಮಾತಾಡಿದ ಟಿ.ವಿ.

ನಮ್ಮ ವಾರಿಗೆಯವರು ನಾಲ್ಕು ಮಂದಿ ಕೂಡಿದರೆ ಸಾಕು, ಮಾತು ಕಡೀಕ ಹಳೆಯ ಟಿ.ವಿ.ಗೇ ಬಂದು ನಿಲ್ಲುತ್ತದೆ. ರವಿವಾರ ಮುಂಜಾನೆ, ರಾಮಾಯಣ, ಮಹಾಭಾರತ, ಮೋಗ್ಲಿ, ಶಕ್ತಿಮಾನ್. ಒಬ್ಬ ಬಾಯಲ್ಲೇ ಶಂಖ ಊದುತ್ತಾನೆ, ಇನ್ನೊಬ್ಬ ಕೈ ಎತ್ತಿ ಗಿರಗಿರ ತಿರುಗುತ್ತಾನೆ. ಹೋದ ವರ್ಷ ಬಾಗೇವಾಡಿಯಲ್ಲಿ ಒಂದು ಮದುವೆಯ ಊಟ ಮುಗಿಸಿ ಹಿಂಗ ಹರಟಿ ಹೊಡೆಯುವಾಗ ಗೆಳೆಯನೊಬ್ಬ ಕೇಳಿದ: “ಅಲ್ಲಲೇ, ಅಷ್ಟೆಲ್ಲಾ ನೋಡಿದ್ವಿ ಖರೆ. ನಿನಗ ಹಿಂದಿ ಎಷ್ಟು ತಿಳೀತಿತ್ತು?”

ಎಲ್ಲರೂ ನಕ್ಕೆವು. ಯಾರಿಗೂ ತಿಳೀತಿರಲಿಲ್ಲ.

ಆದರೆ ನಮ್ಮ ಜಿಲ್ಲೆಯ ಟಿ.ವಿ. ಕತೆ ಹಿಂದಿಯಿಂದ ಶುರು ಆಗಿದ್ದಲ್ಲ. ಇದು ನನಗೆ ಗೊತ್ತಾಗಿದ್ದು ಅವ್ವನಿಂದ. ಅವಳ ತವರು ಡೋಣಿ ದಂಡೆಯ ಒಂದು ಸಣ್ಣ ಹಳ್ಳಿ. “ನಾ ಮೊದಲ ನೋಡಿದ ಟಿ.ವಿ. ಕನ್ನಡ ಮಾತಾಡ್ತಿತ್ತು” ಅಂತ ಆಕಿ ಹೇಳಿದಾಗ, ಎಲ್ಲೋ ರೇಡಿಯೋ ಕೇಳಿದ್ದನ್ನು ಇದರ ಜೊತೆ ಕಲಸುತ್ತಾಳೆ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ತಪ್ಪಿದ್ದು ನಾನು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ‘ಸೈಟ್’ ಅನ್ನುವ ಪ್ರಯೋಗ ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹವನ್ನು ಭಾರತ ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಳಿಸಿತು. ಕನಸು ವಿಕ್ರಂ ಸಾರಾಭಾಯಿ ಅವರದು; 1969ರಲ್ಲಿ ಒಪ್ಪಂದ ಆಯಿತು, ಆದರೆ ಅದು ನಡೆದದ್ದನ್ನು ನೋಡಲು ಅವರು ಉಳಿಯಲಿಲ್ಲ, 1971ರ ಕೊನೆಗೆ ತೀರಿಕೊಂಡರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಕರ್ನಾಟಕದಲ್ಲಿ ಆರಿಸಿದ್ದು ಯಾವ ಜಿಲ್ಲೆಗಳನ್ನು ಅಂತೀರಿ? ವಿಜಾಪುರ, ಗುಲ್ಬರ್ಗ, ರಾಯಚೂರು. ಹಿಂದುಳಿದವರು ಅಂತ ನಮ್ಮನ್ನು ಕರೆಯುತ್ತಾರಲ್ಲ, ಆ ಹೆಸರು ಒಮ್ಮೆಯಾದರೂ ಉಪಯೋಗಕ್ಕೆ ಬಂತು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲು ನಮ್ಮ ಅವ್ವ ಸಾಲಿ ಅಂಗಳದಾಗ ಚಾಪಿ ಹಾಸಿಕೊಂಡು ಟಿ.ವಿ. ನೋಡುತ್ತಿದ್ದಳು.

ಸಾಲಿ ಮುಂದೆ ದೊಡ್ಡ ಬುಟ್ಟಿಯಂಥ ಆಂಟೆನಾ. ಕೋಳಿ ಗೂಡಿಗೆ ಹಾಕುವ ತಂತಿ ಜಾಳಿಗೆಯಿಂದ ಮಾಡಿದ್ದು, ಅಡ್ಡಗಲ ಹತ್ತು ಅಡಿ. ಅವ್ವನ ಊರಿನ ಮಂದಿ ಅದಕ್ಕೆ ‘ಛತ್ರಿ’ ಅನ್ನುತ್ತಿದ್ದರಂತೆ. ಕನ್ನಡ, ತೆಲುಗು ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಮುಂಜಾನೆ ಸಾಲಿ ಹುಡುಗರಿಗೆ, ಸಂಜೆ ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು ಕುಣಿತ. ತುರ್ತುಪರಿಸ್ಥಿತಿಯ ಕಾಲ ಬೇರೆ. ಸರಕಾರ ತನ್ನ ಮಾತನ್ನೂ ಹೇಳಿಕೊಂಡಿತು. ಅದೇನೇ ಇರಲಿ, ಹೇಳಿದ್ದು ತಿಳಿಯುವ ಭಾಷೆಯಲ್ಲಿತ್ತು. ವರ್ಷ ಮುಗಿದ ಮೇಲೆ ಉಪಗ್ರಹ ಹೊರಟುಹೋಯಿತು. 1977ರಲ್ಲಿ ಗುಲ್ಬರ್ಗಕ್ಕೆ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು. ಅದರ ಕೈ ಅವ್ವನ ಊರಿಗೆ ಮುಟ್ಟಲಿಲ್ಲ.

ಆಮೇಲೆ ಅವ್ವ ಮದುವೆಯಾಗಿ ಬಾಗೇವಾಡಿಗೆ ಬಂದಳು. ನಮ್ಮ ಮನೆಗೆ ಟಿ.ವಿ. ಬರುವಷ್ಟರಲ್ಲಿ ಕಾಲ ಬದಲಾಗಿತ್ತು. 1983ರಲ್ಲಿ ಇನ್ಸಾಟ್-1ಬಿ ಹಾರಿತು, 1984ರಲ್ಲಿ ದೇಶದ ತುಂಬ ದಿನಕ್ಕೊಂದು ಅನ್ನೂ ಹಂಗ ಸಣ್ಣ ಟ್ರಾನ್ಸ್‌ಮಿಟರ್‌ಗಳು ಎದ್ದವು. ನೂರು ವ್ಯಾಟಿನವು. ಅವಕ್ಕೆ ಸ್ಟುಡಿಯೋ ಇಲ್ಲ, ಸ್ವಂತ ಬಾಯಿ ಇಲ್ಲ. ದಿಲ್ಲಿ ಹೇಳಿದ್ದನ್ನು ಹಂಗ ದಾಟಿಸುವುದಷ್ಟೇ ಕೆಲಸ. ಹೀಗಾಗಿ ಕನ್ನಡದಾಗ ಶುರುವಾದ ಟಿ.ವಿ. ಎರಡನೇ ಸಲ ಬರುವಾಗ ಹಿಂದಿ ಕಲಿತುಕೊಂಡು ಬಂದಿತ್ತು.

ಅಂಥ ಟ್ರಾನ್ಸ್‌ಮಿಟರ್ ಇಪ್ಪತ್ತೈದು ಕಿ.ಮೀ. ದಾಟಿದರೆ ಸೊರಗುತ್ತದೆ. ವಿಜಾಪುರದಿಂದ ನಮ್ಮೂರು ನಲವತ್ತರ ಮೇಲೆ. ಅದಕ್ಕೇ ಮಾಳಿಗೆ ಮೇಲೆ ಉದ್ದನೆ ಪೈಪು, ಅದರ ತುದಿಗೆ ಆಂಟೆನಾ, ಕೆಳಗೆ ಬೂಸ್ಟರ್. ಮೇಲೆ ಕಾಕಾ, ಕೆಳಗೆ ನಾವು. “ಬಂತೇನೋ?” “ಬಂತು, ಬಂತು... ಹೋತು!”

ಮಹಾಭಾರತ ಶುರುವಾಗಿದ್ದು 1988ರ ಅಕ್ಟೋಬರ್ 2ರಂದು. ನನಗಾಗ ಎಂಟು ವರ್ಷ. ಓಣಿಯ ಮಂದಿಯೆಲ್ಲಾ ನಮ್ಮ ಪಡಸಾಲೆಯಲ್ಲಿ. ಮುಂದಿನ ಸಾಲಿನಲ್ಲಿ ಆಯಿ, ಅಂದರೆ ಅಪ್ಪನ ಅವ್ವ. ಬಾಗಿಲ ಹತ್ತಿರ ಮಗ್ಗಲಮನಿ ಟೇಲರ್ ಚಾಚಾ. ಹಿಂದಿ ಬರುವುದು ಅವನಿಗೊಬ್ಬನಿಗೇ ಅಂತ ಎಲ್ಲರ ನಂಬಿಕೆ, ಯಾಕಂದ್ರ ಮನೆಯಲ್ಲಿ ಅವರದು ದಖನಿ ಉರ್ದು. ಹೇಳು ಚಾಚಾ, ಏನಂದ ಅವ?

ಶುರುವಿನ ವಾರಗಳಲ್ಲೇ ಚಾಚಾ ಕೈ ಎತ್ತಿದ. “ಏ ಯವ್ವಾ, ಇದು ನಮ್ಮ ಮಾತಲ್ಲ ಬಿಡ್ರಿ. ಪಿತಾಶ್ರೀ ಅಂತಾರ, ಪ್ರತಿಜ್ಞಾ ಅಂತಾರ, ನನಗೇನ ತಿಳೀವಲ್ದು.”

“ಅಯ್ಯ, ಪ್ರತಿಜ್ಞಾ ಅಂದ್ರ ಆಣಿ ಮಾಡೂದೋ ತಮ್ಮಾ” ಅಂದಳು ಆಯಿ. “ಭೀಷ್ಮ ಲಗ್ನ ಆಗೂದಿಲ್ಲಂತ ಆಣಿ ಮಾಡಾಕತ್ತಾನ.”

ಸಾಲಿ ಕಟ್ಟೆ ಹತ್ತದ ಮುದುಕಿ. ಆದರೆ ಬಯಲಾಟ ನೋಡಿ, ಪುರಾಣ ಕೇಳಿ ಕತಿಯೆಲ್ಲಾ ಬಾಯಿಪಾಠ; ಆಜ್ಞೆ, ಸಿಂಹಾಸನ, ವಚನ, ವನವಾಸ ಎಲ್ಲಾ ಅವಳ ಮಾತೇ. ಅಲ್ಲಿಂದ ಮುಂದೆ ಇಬ್ಬರೂ ಕೂಡಿ ಅರ್ಥ ಹೇಳಿದರು. ನಾಮಪದ ಆಯಿದು, ಕ್ರಿಯಾಪದ ಚಾಚಾಂದು. 1990ರ ಜೂನಿನ ತನಕ, 94 ಕಂತು, ಇದು ಹೀಗೇ ನಡೆಯಿತು. ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಝಾ ಅಂತ ದೊಡ್ಡವನಾದ ಮೇಲೆ ತಿಳಿಯಿತು. ಆ ಸಂಗತಿ ಚಾಚಾಗ ಹೇಳಿದಾಗ, “ಹಂಗಾದ್ರ ಅವರಿಗೂ ಯಾವುದೋ ಆಯಿ ಹೇಳಿಕೊಟ್ಟಿರಬೇಕು” ಅಂದ.

ಆದರೆ ಎಲ್ಲದಕ್ಕೂ ಆಯಿ ಇರಲಿಲ್ಲ. ‘ಮಾಲ್ಗುಡಿ ಡೇಸ್’ ನೋಡ್ರಿ. ತೆಗೆದವರು ಶಂಕರ್ ನಾಗ್, ತೆಗೆದದ್ದು ಆಗುಂಬೆಯಲ್ಲಿ, ಸ್ವಾಮಿ ಆದವ ಮಾಸ್ಟರ್ ಮಂಜುನಾಥ್, ಅವನ ಅಪ್ಪ ಗಿರೀಶ್ ಕಾರ್ನಾಡ್. ನಮ್ಮವರು, ನಮ್ಮ ಮಳೆ, ನಮ್ಮ ಹಂಚಿನ ಮನೆ. ಮಾತು ಮಾತ್ರ ಹಿಂದಿ. ಸ್ವಾಮಿ ಅಪ್ಪನ ಮುಂದೆ ಅಳುವುದು ತಿಳೀತಿತ್ತು, ಯಾಕ ಅಳತಾನ ಅನ್ನುವುದು ತಿಳೀತಿರಲಿಲ್ಲ.

ಕಾರ್ಟೂನ್‌ಗಳದ್ದು ಇನ್ನೊಂದು ಕತೆ. 1993ರಲ್ಲಿ ಬಂದ ‘ಜಂಗಲ್ ಬುಕ್’ ಜಪಾನಿನವರು ತೆಗೆದದ್ದು. ಹಿಂದಿಯಲ್ಲಿ ಶೇರ್ ಖಾನನಿಗೆ ದನಿ ಕೊಟ್ಟವರು ನಾನಾ ಪಾಟೇಕರ್. ಜಪಾನಿ ಹುಲಿ ಹಿಂದಿ ಗುಡುಗಬಲ್ಲದು ಅಂದಮೇಲೆ ಕನ್ನಡ ಗುಡುಗಲು ಏನು ಅಡ್ಡಿಯಿತ್ತು? ಅಡ್ಡಿ ದಿಲ್ಲಿಯದಷ್ಟೇ ಅಲ್ಲ. 1960ರ ದಶಕದಿಂದ ಕನ್ನಡ ಚಿತ್ರರಂಗವೇ ಡಬ್ಬಿಂಗ್ ಬೇಡ ಅಂತ ಪಟ್ಟು ಹಿಡಿದಿತ್ತು. ಅವತ್ತು ಅದಕ್ಕೆ ಕಾರಣವಿತ್ತು, ಬೇರೆ ಭಾಷೆಯ ಚಿತ್ರಗಳ ನಡುವೆ ನಮ್ಮ ಕಲಾವಿದರಿಗೆ ಕೆಲಸ ಉಳಿಯಬೇಕಿತ್ತು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಹುಡುಗರು ನೋಡುವ ಕರಡಿ, ಬಾತುಕೋಳಿ ಯಾರ ಹೊಟ್ಟೆ ಮೇಲೆ ಹೊಡೆಯುತ್ತಿದ್ದವು ಅನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ. 1994ರಲ್ಲಿ ಉದಯ ಟಿ.ವಿ. ಬಂತು, ಕನ್ನಡ ಸಿನೆಮಾ, ಧಾರಾವಾಹಿ ಸಿಕ್ಕವು. ಮಕ್ಕಳಿಗಾಗಿಯೇ ಕನ್ನಡದ ಚಿಂಟು ಚಾನೆಲ್ ಬರಲು 2009 ಆಗಬೇಕಾಯಿತು. ಅಷ್ಟರಲ್ಲಿ ನನ್ನ ತಮ್ಮ ಶಕ್ತಿಮಾನ್ ಮುಗಿಸಿ, ಮೀಸೆ ಬಂದು, ಪುಣೆಯಲ್ಲಿ ನೌಕರಿ ಹಿಡಿದಿದ್ದ. 2012ರಲ್ಲಿ ‘ಸತ್ಯಮೇವ ಜಯತೆ’ಯನ್ನೂ ಕನ್ನಡದಲ್ಲಿ ಬರಗೊಡಲಿಲ್ಲ. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಅಂತ ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ.

2020ರ ಲಾಕ್‌ಡೌನಿನಲ್ಲಿ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂತು. ಇದು ಹಳೆಯದಲ್ಲ, 2013ರ ಹೊಸ ಧಾರಾವಾಹಿ. ಆಯಿ ತೀರಿಕೊಂಡು ಬಹಳ ವರ್ಷ ಆಗಿತ್ತು. ಅವ್ವ ಒಂದು ಕಂತೂ ತಪ್ಪಿಸಲಿಲ್ಲ. ಹಳೆಯ ಮಹಾಭಾರತಕ್ಕೆ ಆಕಿ ಎಂದೂ ಮುಂದೆ ಬಂದು ಕೂತವಳಲ್ಲ, ಅಡಿಗಿಮನಿ ಬಾಗಿಲಲ್ಲೇ ನಿಂತು ನೋಡಿ ಒಳಗೆ ಹೋಗುತ್ತಿದ್ದಳು. ಕೆಲಸ ಇರುತ್ತದೆ ಅಂತ ನಾವು ತಿಳಿದಿದ್ದೆವು.

“ಇವರು ಬೆಂಗಳೂರು ಕನ್ನಡ ಮಾತಾಡ್ತಾರ” ಅಂತ ಗೊಣಗಿದಳು. “ಆದ್ರೂ ಯಾರನ್ನೂ ಕೇಳೂದು ಬ್ಯಾಡ ಆತು.”

ಈ ಲೇಖನ ಬರೆಯುವ ಮೊದಲು ಅವ್ವನ ಮುಂದೆ ವಹಿ ಹಿಡಿದು ಕೂತೆ. ಸಾಲಿ ಅಂಗಳದಾಗ ಏನೇನು ತೋರಿಸ್ತಿದ್ರು, ಹೇಳು.

“ಬರ್ಕೋ” ಅಂದಳು. “ಬೀಜ ಬಿತ್ತೂದು. ಹತ್ತಿಗಿ ಔಷಧ ಹೊಡಿಯೂದು. ಕೂಸಿಗಿ ಸೂಜಿ ಹಾಕಿಸೂದು. ಒಂದೀಟು ಕೋಲಾಟ. ನಮ್ಮಪ್ಪ ಔಷಧದ್ದು ನೋಡಿ ಬಂದು, ಅವ ಖರೇನ ಹೇಳ್ಯಾನ ಅಂತ ಮನ್ಯಾಗ ವಾದ ಹಾಕ್ತಿದ್ದ, ಟಿ.ವಿ.ಯವನ ಜೋಡಿ.”

ಮತ್ತ ಬಂದ್ ಆದ ದಿನ?

“ಬಂದ್ ಆದ ದಿನ ನೆನಪಿಲ್ಲ. ಮರುದಿನ ಸಂಜಿಗಿ ಚಾಪಿ ತಗೊಂಡು ಹೋಗಿದ್ವಿ, ಅದು ನೆನಪೈತಿ.”