ಗಾಜಿನ ತೊಟ್ಟಿಗೆ ಇಳಿದ ಕಡಲು

ನಿಂತ ನೀರು ಕೆಡುತ್ತದೆ ಎಂಬುದು ಕೆರೆ, ಬಾವಿಗಳನ್ನು ಬಳಸಿದವರಿಗೆಲ್ಲ ಗೊತ್ತು. ಕಡಲಿನ ನೀರಿಗೂ ಈ ಮಾತು ಸಲ್ಲುತ್ತದೆ. ಅದನ್ನು ಗಾಜಿನ ತೊಟ್ಟಿಯಲ್ಲಿ ಕೆಡದಂತೆ ಇರಿಸುವ ವಿದ್ಯೆ ಮನುಷ್ಯನ ಕೈವಶವಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ಕರಾವಳಿಯಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ಕಡಲ ನೀರನ್ನು ಪದೇ ಪದೇ ತರಿಸುವುದು ಕಷ್ಟವಾದಾಗ, ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಸುವ ಏರ್ಪಾಟು ಮಾಡಿದರು. ಅರ್ಧ, ಮುಕ್ಕಾಲು ಗಂಟೆ ಹಿಡಿಯುವ ಈ ಕೆಲಸ ಮನೆಯ ಕೆಲಸದ ಹುಡುಗಿಯದು. ಹೀಗೆ ಸುರಿದಾಗ ಗಾಳಿಯ ಆಮ್ಲಜನಕ ನೀರಿನಲ್ಲಿ ಬೆರೆಯುತ್ತದೆ. 1859ರಲ್ಲಿ ಥಿನ್ ಅವರ ಅನುಭವಗಳು ಅಚ್ಚಾದಾಗ ಆ ಹುಡುಗಿಯ ಪ್ರಸ್ತಾಪವೂ ಬಂತು. ಹೆಸರು ಮಾತ್ರ ಬರಲಿಲ್ಲ.

ಅಷ್ಟರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನತಜ್ಞರು ಮೀನು ಮತ್ತು ಜಲಸಸ್ಯ ಪರಸ್ಪರ ಆಧಾರವಾಗಿ ಬದುಕಬಲ್ಲವೆಂದು ತೋರಿಸಿದ್ದರು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮನೆಮನೆಯಲ್ಲೂ ತೊಟ್ಟಿಯ ಗೀಳು ಹಬ್ಬಿತು. ಆದರೆ ಬಿಸಿಲು ಹೆಚ್ಚಾದರೆ ನೀರು ಹಸಿರುಗಟ್ಟುತ್ತಿತ್ತು, ಮೀನು ಹೆಚ್ಚಾದರೆ ಕೊಳೆಯುತ್ತಿತ್ತು.

ಇದಕ್ಕೆ ದಾರಿ ತೋರಿದವರು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಅವರು ರೂಪಿಸಿದ ಮತ್ಸ್ಯಾಲಯದಲ್ಲಿ, ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡ ಜಲಾಶಯ ಕೆಳಗೆ ಕತ್ತಲಲ್ಲಿತ್ತು. ಉಗಿಯಂತ್ರ ಅಲ್ಲಿಂದ ನೀರನ್ನು ಮೇಲಕ್ಕೆತ್ತುತ್ತಿತ್ತು. ಅದು ತೊಟ್ಟಿಗಳನ್ನು ಹಾದು ಮತ್ತೆ ಕೆಳಗಿಳಿಯುತ್ತಿತ್ತು. ನೋಡುಗನ ಕಣ್ಣಿಗೆ ಬೀಳುತ್ತಿದ್ದುದು ಅದರ ಸಣ್ಣ ಪಾಲು ಮಾತ್ರ.

ಆದರೂ ಒಂದು ಗುಟ್ಟು ಉಳಿದಿತ್ತು. ತಿಳಿಯಾಗಿ ಕಾಣುವ ನೀರಿನಲ್ಲೂ ಮೀನು ಸಾಯುವುದೇಕೆ? ಮೀನಿನ ವಿಸರ್ಜನೆಯಿಂದ ಬರುವ ಅಮೋನಿಯಾ ಕಣ್ಣಿಗೆ ಕಾಣದ ವಿಷ. 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗಿ ವಿನೊಗ್ರಾಡ್‌ಸ್ಕಿ ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳನ್ನು ಗುರುತಿಸಿದರು. ತೊಟ್ಟಿಯ ಮರಳು, ಕಲ್ಲುಗಳಲ್ಲೂ ಇದೇ ಕ್ರಿಯೆ ನಡೆಯುತ್ತದೆ. ಶೋಧಕವೆಂದರೆ ಕಸ ಹಿಡಿಯುವ ಜರಡಿಯಷ್ಟೇ ಅಲ್ಲ, ಈ ಜೀವಿಗಳ ಬೀಡು. ಅವು ನೆಲೆಯೂರಲು ಕೆಲವು ವಾರಗಳು ಬೇಕು. ಹೊಸ ತೊಟ್ಟಿಗೆ ಅಂದೇ ಮೀನು ಬಿಡಬಾರದೆನ್ನುವುದು ಅದಕ್ಕೇ.

1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಕಡಲಿನ ಸಜೀವ ಬಂಡೆಗಳನ್ನೂ ಗಾಳಿಗುಳ್ಳೆಗಳನ್ನೂ ಬಳಸಿ ಹವಳ ಸಾಕುವ ತಮ್ಮ ವಿಧಾನವನ್ನು ಬರೆದು ಪ್ರಕಟಿಸಿದರು. ಇಂದಿನ ಹವಳದ ತೊಟ್ಟಿಗಳಲ್ಲೂ ಇಂಥ ಬಂಡೆಗಳಿಗೆ ಮುಖ್ಯ ಸ್ಥಾನವಿದೆ. ಜೊತೆಗೆ ಅಲೆಯಂತೆ ನೀರನ್ನು ಕದಡುವ ಪಂಪುಗಳೂ ಬೇಕು. ನೆಲೆ ಬಿಟ್ಟು ಕದಲಲಾರದ ಹವಳಕ್ಕೆ ಆಹಾರ ತರುವುದೂ ಕೊಳೆ ಒಯ್ಯುವುದೂ ಹರಿವೇ.

ವಿದ್ಯುತ್ ಹೋಗಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗುತ್ತವೆ. ಆಗ ಉಳಿಯುವ ಉಪಾಯ ಒಂದೇ: ಚೊಂಬಿನಲ್ಲಿ ನೀರು ಮೊಗೆದು, ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿಯುವುದು. ಹೆಸರು ಉಳಿಯದ ಆ ಹುಡುಗಿ ಮಾಡುತ್ತಿದ್ದುದು ಇದನ್ನೇ.